ಬಾಡಿಗೆ ಕಾರಿನ ಎಕ್ಸೆಸ್: ಕೌಂಟರಿನ ರಕ್ಷಣೆಯೋ, ಹೊರಗಿನ ಪಾಲಿಸಿಯೋ, ಕಾರ್ಡಿನ ಸವಲತ್ತೋ?

ಬಾಡಿಗೆ ಕಾರಿಗೆ ಪೆಟ್ಟು ಬಿದ್ದರೆ ದುಡ್ಡು ಯಾರು ಕೊಡಬೇಕು ಎನ್ನುವುದು ಕರಾರಿನಲ್ಲೇ ಬರೆದಿರುತ್ತದೆ. ಒಂದು ಮೊತ್ತದವರೆಗೆ ನಿಮ್ಮ ಜೇಬಿನಿಂದ, ಅದರ ಮೇಲಿನದು ಕಂಪನಿಯ ಲೆಕ್ಕಕ್ಕೆ. ಆ ಮೊತ್ತವೇ ಎಕ್ಸೆಸ್. ಅಮೆರಿಕದ ಕಡೆ ಡಿಡಕ್ಟಿಬಲ್ ಎನ್ನುತ್ತಾರೆ. ಯುರೋಪಿನ ಬಹುತೇಕ ದೇಶಗಳಲ್ಲಿ ಬಾಡಿಗೆ ದರದೊಳಗೇ ಸಿಡಿಡಬ್ಲ್ಯೂ, ಅಂದರೆ ಡಿಕ್ಕಿಯ ಹಾನಿಗೆ ಮನ್ನಾ, ಸೇರಿ ಬರುತ್ತದೆ. ಆದರೆ ಎಕ್ಸೆಸ್ ಸಾವಿರ ಯುರೋ ಆಸುಪಾಸಿನಲ್ಲಿ ಶುರುವಾಗಿ ದೊಡ್ಡ ಗಾಡಿಗಳಿಗೆ ಎರಡು, ಮೂರು ಸಾವಿರಕ್ಕೂ ಏರುತ್ತದೆ. ಅಮೆರಿಕದಲ್ಲಿ ಅಲ್ಲಿನ ನಿವಾಸಿಗಳಿಗೆ ಸಿಗುವ ದರದಲ್ಲಿ ಈ ಮನ್ನಾ ಸಾಮಾನ್ಯವಾಗಿ ಇರುವುದೇ ಇಲ್ಲ. ಬೇರೆಯಾಗಿ ಕೊಳ್ಳದಿದ್ದರೆ ಇಡೀ ಕಾರಿನ ಬೆಲೆಯೇ ನಿಮ್ಮ ಹೊಣೆ. ಹೊರದೇಶದವರಿಗೆ ಮಾರುವ ದರದಲ್ಲಿ ಬಹಳ ಸಲ ಮನ್ನಾ ಸೇರಿರುತ್ತದೆ. ಹಾಗಾಗಿ ಬುಕಿಂಗ್ ಪುಟದಲ್ಲಿ ‘ನಿವಾಸದ ದೇಶ’ ಎಂಬ ಕಾಲಂ ತಪ್ಪಾಗಿ ತುಂಬಿದರೆ ದರದ ಜೊತೆಗೆ ರಕ್ಷಣೆಯೂ ಬದಲಾಗಿಬಿಡುತ್ತದೆ.

ಈ ಮನ್ನಾ ವಿಮೆಯಲ್ಲ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ‘ಇಷ್ಟರ ಮೇಲೆ ನಿಮ್ಮಿಂದ ವಸೂಲಿ ಮಾಡುವುದಿಲ್ಲ’ ಎಂದು ಕಂಪನಿ ಕೊಡುವ ಮಾತು ಅದು. ಕರಾರಿನ ಷರತ್ತು ಮುರಿದರೆ ಆ ಮಾತು ಬಿದ್ದುಹೋಗುತ್ತದೆ. ಹೆಸರಿಲ್ಲದ ಚಾಲಕ ಓಡಿಸಿದ್ದು, ಕುಡಿದು ಓಡಿಸಿದ್ದು, ಅನುಮತಿಯಿಲ್ಲದ ರಸ್ತೆಗೆ ಇಳಿಸಿದ್ದು, ಕೀಲಿ ಒಳಗೇ ಬಿಟ್ಟು ಕಾರು ಕಳುವಾಗಿದ್ದು: ಇಂಥ ಸಂದರ್ಭಗಳಲ್ಲಿ ಎಕ್ಸೆಸ್ ಎಷ್ಟೇ ಇರಲಿ, ಪೂರ್ತಿ ಹಾನಿ ನಿಮ್ಮ ತಲೆಗೆ ಬರುತ್ತದೆ. ಮುಂದೆ ಹೇಳುವ ಯಾವ ಪಾಲಿಸಿಯೂ ಆಗ ಉಳಿಸುವುದಿಲ್ಲ.

ಎಕ್ಸೆಸ್ಸಿನ ಹೊರೆ ಇಳಿಸಿಕೊಳ್ಳಲು ಸಿಗುವ ದಾರಿಗಳು ನಾಲ್ಕು. ಕೌಂಟರಿನಲ್ಲಿ ಕಂಪನಿಯಿಂದಲೇ ಹೆಚ್ಚುವರಿ ರಕ್ಷಣೆ ಕೊಳ್ಳಬಹುದು; ಬುಕಿಂಗ್ ಸೈಟಿನಲ್ಲಿ ‘ಫುಲ್ ಪ್ರೊಟೆಕ್ಷನ್’ ಟಿಕ್ ಮಾಡಬಹುದು; ಬೇರೊಂದು ವಿಮಾ ಸಂಸ್ಥೆಯಿಂದ ಎಕ್ಸೆಸ್ ಪಾಲಿಸಿ ಮಾಡಿಸಬಹುದು; ಕ್ರೆಡಿಟ್ ಕಾರ್ಡಿನ ಜೊತೆ ಬಂದ ಸವಲತ್ತನ್ನು ನೆಚ್ಚಬಹುದು. ದಾರಿ ನಾಲ್ಕಾದರೂ ರೀತಿ ಎರಡೇ. ಮೊದಲನೆಯದರಲ್ಲಿ ಕಂಪನಿ ದುಡ್ಡು ಕೇಳುವುದೇ ಇಲ್ಲ. ಉಳಿದವುಗಳಲ್ಲಿ ಸಾಮಾನ್ಯವಾಗಿ ಕಂಪನಿ ನಿಮ್ಮ ಕಾರ್ಡಿನಿಂದ ದುಡ್ಡು ತೆಗೆದುಕೊಳ್ಳುತ್ತದೆ, ನೀವು ಕಾಗದಪತ್ರ ಕೂಡಿಸಿ ಇನ್ನೊಬ್ಬರಿಂದ ವಾಪಸ್ ಪಡೆಯುತ್ತೀರಿ. ಆದ್ದರಿಂದ ಬೆಲೆಯೊಂದನ್ನೇ ನೋಡಿ ಆರಿಸಿದರೆ ಸಾಲದು. ಹಾನಿಯಾದ ದಿನ ಸಿಕ್ಕಿಬೀಳುವ ಹಣ ಯಾರದು, ಆಮೇಲೆ ಕಾಗದ ಹಿಡಿದು ಪತ್ರ ಬರೆಯುತ್ತಾ ಕೂರುವವರು ಯಾರು, ಇದನ್ನು ನೋಡಬೇಕು.

ಕೌಂಟರಿನ ಹೆಚ್ಚುವರಿ ರಕ್ಷಣೆ

ಸೂಪರ್ ಸಿಡಿಡಬ್ಲ್ಯೂ, ಝೀರೋ ಎಕ್ಸೆಸ್, ಪ್ರೀಮಿಯಂ ಪ್ಯಾಕೇಜ್ ಎಂದೆಲ್ಲ ಕರೆಯುತ್ತಾರೆ. ನಾಲ್ಕರಲ್ಲಿ ಬಹುತೇಕ ಇದೇ ದುಬಾರಿ. ದಿನದ ಲೆಕ್ಕದಲ್ಲಿ ಕಟ್ಟುವುದರಿಂದ ಬಾಡಿಗೆ ಉದ್ದವಾದಷ್ಟೂ ಏರುತ್ತಲೇ ಹೋಗಿ ಕೆಲವೊಮ್ಮೆ ಕಾರಿನ ಬಾಡಿಗೆಯನ್ನೇ ಮೀರುತ್ತದೆ. ಆದರೂ ಇದಕ್ಕೆ ಎರಡು ನಿಜವಾದ ಅನುಕೂಲಗಳಿವೆ. ಕಾರ್ಡಿನ ಮೇಲೆ ಹಿಡಿದಿಡುವ ಠೇವಣಿ ಗಣನೀಯವಾಗಿ ಇಳಿಯುತ್ತದೆ. ಗೀರು ಬಿದ್ದರೂ ಕ್ಲೇಮಿನ ರಗಳೆ ಇರುವುದಿಲ್ಲ.

ಮೋಸಹೋಗುವುದು ‘ಝೀರೋ’ ಎಂಬ ಮಾತಿನಲ್ಲಿ. ಅಗ್ಗದ ಪ್ಯಾಕೇಜು ಎಕ್ಸೆಸ್ಸನ್ನು ಇಳಿಸುತ್ತದೆಯೇ ಹೊರತು ಸೊನ್ನೆ ಮಾಡುವುದಿಲ್ಲ. ಸೊನ್ನೆ ಮಾಡುವ ಪ್ಯಾಕೇಜಿನಲ್ಲೂ ಟೈರು, ರಿಮ್, ಮುಂಗಾಜು, ಕನ್ನಡಿ, ಚಾವಣಿ, ತಳಭಾಗ ಹೊರಗುಳಿದಿರಬಹುದು. ಟೋಯಿಂಗ್, ಪಂಕ್ಚರ್, ಬ್ಯಾಟರಿ ಇಳಿದದ್ದು, ಕೀಲಿ ಕಳೆದದ್ದು ಇವಕ್ಕೆ ‘ರೋಡ್‌ಸೈಡ್ ಅಸಿಸ್ಟೆನ್ಸ್’ ಎಂದು ಮತ್ತೊಂದು ಪ್ಯಾಕೇಜನ್ನೇ ಮಾರುತ್ತಾರೆ. ತಪ್ಪು ಇಂಧನ ತುಂಬಿಸಿದ್ದಕ್ಕೂ ಕ್ಲಚ್ ಸುಟ್ಟದ್ದಕ್ಕೂ ಕೌಂಟರಿನ ಬಹುತೇಕ ಯಾವ ಪ್ಯಾಕೇಜಿನಲ್ಲೂ ರಕ್ಷಣೆಯಿಲ್ಲ. ಆದ್ದರಿಂದ ಒಪ್ಪುವ ಮೊದಲು ಕೇಳಿ: ಇದನ್ನು ಕೊಂಡ ಮೇಲೆ ಉಳಿಯುವ ಎಕ್ಸೆಸ್ ಎಷ್ಟು? ಟೈರು, ಗಾಜು, ತಳಭಾಗ ಒಳಗಿವೆಯೇ? ಹಾನಿಯಾದರೆ ಆಡಳಿತ ಶುಲ್ಕ ಎಂದು ಬೇರೆ ಹಾಕುತ್ತೀರಾ? ಉತ್ತರ ಬಾಯಿಮಾತಿನಲ್ಲಿದ್ದರೆ ಬೆಲೆಯಿಲ್ಲ, ಕರಾರಿನ ಹಾಳೆಯಲ್ಲಿ ಬರೆದಿರಬೇಕು.

ಟ್ಯಾಬ್ಲೆಟ್ ಮೇಲೆ ಬೆರಳಿನಿಂದ ಸಹಿ ಮಾಡಿಸಿಕೊಳ್ಳುವಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಹಿಯ ಚೌಕದ ಮೇಲಿನ ಪುಟದಲ್ಲಿ ಯಾವ್ಯಾವ ಪ್ಯಾಕೇಜು ಸೇರಿಸಿದ್ದಾರೆ ಎಂಬ ಪಟ್ಟಿ ಇರುತ್ತದೆ. ಅದನ್ನು ಮೇಲಕ್ಕೆ ಸರಿಸಿ ಓದಿ. ನೀವು ‘ಬೇಡ’ ಎಂದದ್ದು ಅಲ್ಲಿ ‘ಸ್ವೀಕರಿಸಿದೆ’ ಎಂದು ನಮೂದಾಗಿದ್ದರೆ ಸಹಿಯ ನಂತರ ಅದನ್ನು ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಹೊರಗಿನ ಎಕ್ಸೆಸ್ ಪಾಲಿಸಿ

ಕ್ರೆಡಿಟ್ ಕಾರ್ಡಿನಲ್ಲಿ ಸಾಕಷ್ಟು ಮಿತಿ ಇರುವವರಿಗೆ, ಸಿಡಿಡಬ್ಲ್ಯೂ ದರದಲ್ಲೇ ಸೇರಿ ಬರುವ ದೇಶಗಳಿಗೆ ಹೋಗುವವರಿಗೆ ನಾವು ಮೊದಲು ಹೇಳುವುದು ಇದನ್ನೇ. ದಿನದ ಲೆಕ್ಕದಲ್ಲೂ ವರ್ಷದ ಲೆಕ್ಕದಲ್ಲೂ ಸಿಗುತ್ತದೆ. ಕೌಂಟರಿನ ಬೆಲೆಯ ಸಣ್ಣ ಪಾಲಿಗೆ ಬರುತ್ತದೆ. ಕೌಂಟರಿನವರು ಹೊರಗಿಡುವ ಟೈರು, ಗಾಜು, ಚಾವಣಿ, ತಳಭಾಗಗಳನ್ನು ಒಳ್ಳೆಯ ಪಾಲಿಸಿಗಳು ಒಳಗೆ ಸೇರಿಸುತ್ತವೆ. ಕೀಲಿ ಮತ್ತು ತಪ್ಪು ಇಂಧನಕ್ಕೂ ಒಂದು ಮಿತಿಯವರೆಗೆ ಕೊಡುವುದುಂಟು.

ಲೆಕ್ಕ ಹಾಕಿ ನೋಡಿ. ಕರೆನ್ಸಿ ಯಾವುದಾದರೂ ಸರಿ. ಎಕ್ಸೆಸ್ 1,500, ಕೌಂಟರಿನ ರಕ್ಷಣೆ ದಿನಕ್ಕೆ 25, ಹೊರಗಿನ ಪಾಲಿಸಿ ದಿನಕ್ಕೆ 5 ಎಂದಿಟ್ಟುಕೊಳ್ಳೋಣ. ಹತ್ತು ದಿನಕ್ಕೆ ಒಂದು ಕಡೆ 250, ಇನ್ನೊಂದು ಕಡೆ 50. ಕೌಂಟರಿನ 250 ನ್ಯಾಯವಾದ ಬೆಲೆಯಾಗಬೇಕಾದರೆ ಆರು ಬಾಡಿಗೆಗೆ ಒಮ್ಮೆ ಪೂರ್ತಿ ಎಕ್ಸೆಸ್ ಕಟ್ಟುವಷ್ಟು ಹಾನಿ ಆಗಬೇಕು. ಸಾಮಾನ್ಯವಾಗಿ ಆಗುವುದು ಬಂಪರಿನ ಗೀರು, ರಿಮ್ಮಿನ ತರಚು, ಬಾಗಿಲಿನ ನಗ್ಗು, ಗಾಜಿಗೆ ತಾಗಿದ ಕಲ್ಲು. ಇವು ಎಕ್ಸೆಸ್ಸಿನ ಒಂದು ಪಾಲಷ್ಟೇ. ಬಾಡಿಗೆ ಎರಡೇ ದಿನದ್ದಾದರೆ ಕೌಂಟರಿನ 50ಕ್ಕೂ ಹೊರಗಿನ 10ಕ್ಕೂ ಅಂತರ ಸಣ್ಣದು. ಆಗ ನೆಮ್ಮದಿಗಾಗಿ ಕೌಂಟರಿನದನ್ನೇ ಕೊಂಡರೆ ತಪ್ಪಿಲ್ಲ.

ಪಾಲಿಸಿಯ ಕಡತದಲ್ಲಿ ನೋಡಬೇಕಾದವು ಹಲವು. ಕಾರು ಕೈಗೆ ಬರುವ ಮೊದಲೇ ಪಾಲಿಸಿ ಶುರುವಾಗಿರಬೇಕು ಎಂಬ ಷರತ್ತು ಬಹುತೇಕ ಎಲ್ಲದರಲ್ಲಿದೆ. ಗೀರು ಬಿದ್ದ ಮೇಲೆ ಕೊಂಡು ಪ್ರಯೋಜನವಿಲ್ಲ. ಪಾಲಿಸಿ ಮಾರುವವರು ನೀವು ವಾಸಿಸುವ ದೇಶದವರಿಗೆ ಮಾರುತ್ತಾರೆಯೇ, ಬಾಡಿಗೆ ಪಡೆಯುವ ದೇಶ ಅವರ ಪಟ್ಟಿಯಲ್ಲಿದೆಯೇ ನೋಡಿ. ವಯಸ್ಸಿಗೆ ಕೆಳಮಿತಿ, ಮೇಲ್ಮಿತಿ ಎರಡೂ ಇರುತ್ತವೆ. ವಾರ್ಷಿಕ ಪಾಲಿಸಿ ಎಂದರೆ ವರ್ಷವಿಡೀ ಒಂದೇ ಕಾರು ಇಟ್ಟುಕೊಳ್ಳಬಹುದು ಎಂದಲ್ಲ. ಪ್ರತಿ ಬಾಡಿಗೆಗೂ 31 ಅಥವಾ 60 ದಿನದಂಥ ಗರಿಷ್ಠ ಅವಧಿ ಇರುತ್ತದೆ. ವ್ಯಾನು, ಕ್ಯಾಂಪರ್, ಒಂಬತ್ತಕ್ಕಿಂತ ಹೆಚ್ಚು ಸೀಟಿನ ಗಾಡಿ, ಐಷಾರಾಮಿ ಕಾರು, ಗಂಟೆ ಲೆಕ್ಕದ ಕಾರ್ ಕ್ಲಬ್ ಇವು ಹೊರಗಿರಬಹುದು. ಪಾಲಿಸಿಯಲ್ಲಿ ಇರುವ ಹೆಸರೇ ಬಾಡಿಗೆ ಕರಾರಿನಲ್ಲಿ ಮುಖ್ಯ ಚಾಲಕರ ಹೆಸರಾಗಿರಬೇಕು. ಗಂಡನ ಹೆಸರಿನಲ್ಲಿ ಪಾಲಿಸಿ, ಹೆಂಡತಿಯ ಹೆಸರಿನಲ್ಲಿ ಕರಾರು ಇದ್ದರೆ ಕ್ಲೇಮು ಅಲ್ಲೇ ನಿಂತುಹೋಗುತ್ತದೆ. ಒಂದು ಕ್ಲೇಮಿಗೆ ಕೊಡುವ ಗರಿಷ್ಠ ಮೊತ್ತ ನಿಮ್ಮ ಕರಾರಿನ ಎಕ್ಸೆಸ್ಸಿಗಿಂತ ಕಡಿಮೆ ಇರಬಾರದು.

ಇನ್ನೊಂದು ದೊಡ್ಡ ಗುಂಡಿ ಅಮೆರಿಕದಂಥ ಕಡೆ ಇದೆ. ಎಕ್ಸೆಸ್ ಪಾಲಿಸಿ ತುಂಬಿಕೊಡುವುದು ಎಕ್ಸೆಸ್ಸನ್ನು ಮಾತ್ರ. ಮನ್ನಾನೇ ಇಲ್ಲದ ಕರಾರಿನಲ್ಲಿ ಎಕ್ಸೆಸ್ ಎಂಬುದೇ ಇರುವುದಿಲ್ಲ, ಇಡೀ ಕಾರಿನ ಬೆಲೆ ಇರುತ್ತದೆ. ಅಲ್ಲಿಗೆ ಬೇಕಾದದ್ದು ಕಾರಿನ ಪೂರ್ತಿ ಬೆಲೆಯವರೆಗೆ ಕೊಡುವ ಬೇರೆ ಬಗೆಯ ಪಾಲಿಸಿ, ಇಲ್ಲವೇ ಮನ್ನಾ ಸೇರಿರುವ ದರ.

ಕೌಂಟರಿನಲ್ಲಿ ‘ನಿಮ್ಮ ಪಾಲಿಸಿ ನಮ್ಮಲ್ಲಿ ನಡೆಯುವುದಿಲ್ಲ’ ಎಂದರೆ ಗಾಬರಿಯಾಗಬೇಡಿ. ಅವರ ಮಟ್ಟಿಗೆ ಅದು ನಿಜ. ಆ ಪಾಲಿಸಿ ನಿಮಗೂ ವಿಮಾ ಸಂಸ್ಥೆಗೂ ನಡುವಿನದು, ಕಂಪನಿ ಅದನ್ನು ನೋಡಬೇಕಾಗಿಯೇ ಇಲ್ಲ. ಪೂರ್ತಿ ಎಕ್ಸೆಸ್ಸನ್ನು ಅವರು ಕಾರ್ಡಿನ ಮೇಲೆ ಹಿಡಿದಿಡುತ್ತಾರೆ, ಅಷ್ಟೇ. ಆ ಹಿಡಿತಕ್ಕೆ ಮುಖ್ಯ ಚಾಲಕರ ಹೆಸರಿನ, ಉಬ್ಬಕ್ಷರದ್ದೋ ಚಿಪ್ಪಿನದೋ ಒಂದು ಕ್ರೆಡಿಟ್ ಕಾರ್ಡ್ ಬೇಕಾಗುತ್ತದೆ. ಡೆಬಿಟ್ ಕಾರ್ಡ್ ಒಪ್ಪದವರಿದ್ದಾರೆ. ಒಪ್ಪಿದರೂ ಅವರ ರಕ್ಷಣೆ ಕೊಳ್ಳಲೇಬೇಕು ಎನ್ನುವವರಿದ್ದಾರೆ. ಹಿಡಿದ ಹಣ ಬಿಡುಗಡೆಯಾಗಲು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಹಿಡಿಯುತ್ತದೆ. ಕಾರ್ಡಿನ ಮಿತಿ ಎಕ್ಸೆಸ್ಸಿಗೇ ಸರಿಹೋಗಿ ಊಟ, ವಸತಿಗೆ ಉಳಿಯದು ಎಂದಿದ್ದರೆ ಹೊರಗಿನ ಪಾಲಿಸಿ ನಿಮಗಲ್ಲ, ಕೌಂಟರಿನದನ್ನೇ ಕೊಳ್ಳಿ.

ಬುಕಿಂಗ್ ಸೈಟಿನ ‘ಫುಲ್ ಪ್ರೊಟೆಕ್ಷನ್’

ಕಾರಿನ ಜೊತೆಗೇ ಕೊಂಡದ್ದರಿಂದ ಇದು ಕಂಪನಿಯದೇ ಎಂದು ತಿಳಿಯುವವರು ಬಹಳ. ಇದೂ ಕೊಟ್ಟು ವಾಪಸ್ ಪಡೆಯುವ ಜಾತಿಯದೇ. ಬೆಲೆ ಕೌಂಟರಿಗೂ ಹೊರಗಿನ ಪಾಲಿಸಿಗೂ ನಡುವೆ ಎಲ್ಲೋ ಇರುತ್ತದೆ. ಹೆಚ್ಚಾಗಿ ಆಗುವ ನಷ್ಟ ಎಂದರೆ ಇದನ್ನೂ ಕೊಂಡು, ಕೌಂಟರಿನ ಒತ್ತಾಯಕ್ಕೆ ಅಲ್ಲಿನದನ್ನೂ ಕೊಳ್ಳುವುದು. ಕೌಂಟರಿನದನ್ನೇ ಕೊಳ್ಳುವ ಮನಸ್ಸಿದ್ದರೆ ಸೈಟಿನದನ್ನು ಕಾರು ಪಡೆಯುವ ಮೊದಲೇ ರದ್ದು ಮಾಡಿ, ದುಡ್ಡು ವಾಪಸ್ ಕೇಳಿ.

ಕ್ರೆಡಿಟ್ ಕಾರ್ಡಿನ ಸವಲತ್ತು

ಪುಕ್ಕಟೆಯಾಗಿ ಬರುವುದರಿಂದ ಆಸೆ ಹುಟ್ಟಿಸುತ್ತದೆ, ಷರತ್ತುಗಳೂ ಇದಕ್ಕೇ ಹೆಚ್ಚು. ಇಡೀ ಬಾಡಿಗೆಯನ್ನು ಅದೇ ಕಾರ್ಡಿನಲ್ಲಿ ಕಟ್ಟಿರಬೇಕು. ಕಾರ್ಡುದಾರರೇ ಮುಖ್ಯ ಚಾಲಕರಾಗಿರಬೇಕು. ಹಲವು ಕಾರ್ಡುಗಳಲ್ಲಿ ಕಂಪನಿಯ ಮನ್ನಾವನ್ನು ನಿರಾಕರಿಸಿರಬೇಕು. ಒಮ್ಮೆ ಕೌಂಟರಿನಲ್ಲಿ ‘ಸರಿ’ ಎಂದರೆ ಕಾರ್ಡಿನದು ಹೋಯಿತು. ಇಟಲಿಯಂಥ ಕಡೆ ಸಿಡಿಡಬ್ಲ್ಯೂ ದರದೊಳಗೇ ಬರುವುದರಿಂದ ನಿರಾಕರಿಸುವುದೇ ಆಗುವುದಿಲ್ಲ. ಅಂಥಲ್ಲಿ ಕಾರ್ಡು ಎಕ್ಸೆಸ್ಸನ್ನಾದರೂ ಕೊಡುತ್ತದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ. ಅಮೆರಿಕದ ಕಾರ್ಡುಗಳ ಹೊರಗಿಟ್ಟ ದೇಶಗಳ ಪಟ್ಟಿಯಲ್ಲಿ ಐರ್ಲೆಂಡ್, ಇಸ್ರೇಲ್, ಜಮೈಕಾ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಹೆಸರುಗಳು. ಕೆಲವು ಕಾರ್ಡುಗಳ ಸವಲತ್ತು ‘ಸೆಕೆಂಡರಿ’, ಅಂದರೆ ನಿಮ್ಮ ಸ್ವಂತ ಕಾರಿನ ವಿಮೆ ಕೊಟ್ಟು ಉಳಿದದ್ದನ್ನಷ್ಟೇ ಅದು ಕೊಡುತ್ತದೆ. ಸ್ವಂತ ವಿಮೆಯ ಮೇಲೆ ಕ್ಲೇಮು ದಾಖಲಾಗಿ ಮುಂದಿನ ವರ್ಷದ ಪ್ರೀಮಿಯಂ ಏರಬಹುದು. ‘ಪ್ರೈಮರಿ’ ಎಂದಿದ್ದರೆ ಆ ತೊಂದರೆ ಇಲ್ಲ.

ಎದುರಿನವರ ಗಾಡಿ, ಎದುರಿನವರ ಪ್ರಾಣ, ಆಸ್ತಿ ಇವಕ್ಕೆ ಈ ನಾಲ್ಕರಲ್ಲಿ ಯಾವುದೂ ಒಂದು ಪೈಸೆ ಕೊಡುವುದಿಲ್ಲ. ಅದು ಥರ್ಡ್ ಪಾರ್ಟಿ ಹೊಣೆಗಾರಿಕೆ, ಬೇರೆಯೇ ವಿಮೆ. ಯುರೋಪಿನಲ್ಲಿ ಕಾನೂನಿನಂತೆ ಬಾಡಿಗೆಯಲ್ಲೇ ಸೇರಿರುತ್ತದೆ. ಅಮೆರಿಕದಲ್ಲಿ ರಾಜ್ಯಗಳ ಕನಿಷ್ಠ ಮಿತಿ ತೀರಾ ಕಡಿಮೆ. ಅಲ್ಲಿ ಓಡಿಸುವವರು ಆ ಮಿತಿಯನ್ನು ಏರಿಸುವ ಸಪ್ಲಿಮೆಂಟಲ್ ಲಯಬಿಲಿಟಿ ಎಂಬುದನ್ನು ಎಕ್ಸೆಸ್ಸಿಗಿಂತ ಮೊದಲು ನೋಡಬೇಕು. ಗೀರಿನ ದುಡ್ಡು ಹೋದರೆ ಚೇತರಿಸಿಕೊಳ್ಳಬಹುದು. ಗಾಯಗೊಂಡವರ ಆಸ್ಪತ್ರೆ ವೆಚ್ಚ ಮನೆ ಮಾರಿಸುತ್ತದೆ.

ಒರಟು ನೆಲಕ್ಕೆ ಹೋಗುವವರು

ಐಸ್‌ಲ್ಯಾಂಡಿನಲ್ಲಿ ಗಾಳಿಗೆ ಬಾಗಿಲು ತಿರುಚಿಕೊಂಡರೆ ಸಾಮಾನ್ಯ ಮನ್ನಾ ಕೊಡುವುದಿಲ್ಲ. ಜಲ್ಲಿಗೆ, ಮರಳು ಮತ್ತು ಬೂದಿಯ ಬಿರುಗಾಳಿಗೆ ಬೇರೆ ಬೇರೆ ರಕ್ಷಣೆ ಮಾರುತ್ತಾರೆ. ‘ಎಫ್’ ಅಕ್ಷರದ ಬೆಟ್ಟದ ರಸ್ತೆಗಳಿಗೆ ನಾಲ್ಕು ಚಕ್ರ ಚಾಲನೆಯ ಗಾಡಿಯೇ ಬೇಕು, ಹೊಳೆ ದಾಟುವಾಗ ಎಂಜಿನ್ನಿಗೆ ನೀರು ಹೊಕ್ಕರೆ ಪೂರ್ತಿ ಖರ್ಚು ಓಡಿಸಿದವರದೇ. ಆಸ್ಟ್ರೇಲಿಯಾದ ಕರಾರುಗಳಲ್ಲಿ ಡಾಂಬರಿಲ್ಲದ ರಸ್ತೆಯ ನಿಷೇಧ ಸಾಮಾನ್ಯ. ದೂರದ ಪ್ರದೇಶಗಳಲ್ಲಿ ಕತ್ತಲಾದ ಮೇಲೆ ಓಡಿಸಬಾರದು ಎಂಬುದೂ ಕೆಲವರಲ್ಲಿ ಉಂಟು, ಪ್ರಾಣಿಗಳು ಅಡ್ಡ ಬರುವುದು ಆ ಹೊತ್ತಿನಲ್ಲೇ. ಇಂಥ ಕಡೆ ಅಗ್ಗದ ಹೊರಗಿನ ಪಾಲಿಸಿಗಿಂತ ಆ ಊರಿನ ಕಂಪನಿಯೇ ಆ ನೆಲಕ್ಕೆಂದು ರೂಪಿಸಿದ ರಕ್ಷಣೆ ಮೇಲು. ಗಡಿ ದಾಟುವುದು, ಕಾರನ್ನು ದೋಣಿಗೆ ಹತ್ತಿಸುವುದು ಇವಕ್ಕೂ ಲಿಖಿತ ಅನುಮತಿ ಬೇಕು.

ಯಾವುದನ್ನೇ ಆರಿಸಿ, ಸಾಕ್ಷಿ ನಿಮ್ಮ ಬಳಿ ಇರಲಿ

ಕಾರು ಕೈಗೆ ಬಂದಾಗ ಹೊರಡುವ ಮೊದಲು, ಕಂಪನಿಯ ಆವರಣದೊಳಗೇ ಒಂದು ಉದ್ದನೆಯ ವಿಡಿಯೊ ಮಾಡಿ. ನಂಬರ್ ಪ್ಲೇಟಿನಿಂದ ಶುರುಮಾಡಿ ಎಡೆಬಿಡದೆ ಸುತ್ತು ಬನ್ನಿ. ಆಮೇಲೆ ಬಿಡಿ ಫೋಟೊಗಳು: ನಾಲ್ಕೂ ರಿಮ್, ನಾಲ್ಕೂ ಟೈರಿನ ಪಕ್ಕ, ಬಂಪರಿನ ಕೆಳ ಅಂಚು, ಬಾಗಿಲ ಕೆಳಗಿನ ಪಟ್ಟಿ, ಚಾವಣಿ, ಮುಂಗಾಜು, ಕನ್ನಡಿಗಳ ಹಿಂಬದಿ, ಸೀಟು, ಡಿಕ್ಕಿಯ ಅಂಚು, ಇಂಧನದ ಮುಳ್ಳು, ಓಡಿದ ಕಿಲೋಮೀಟರು. ಹಾನಿಯ ಪಟ್ಟಿಯಲ್ಲಿ ಇಲ್ಲದ ಗೀರು ಕಂಡರೆ ಬರೆಸಿ ಸಹಿ ಹಾಕಿಸಿ. ಸಿಬ್ಬಂದಿ ಸಿಗದಿದ್ದರೆ ಫೋಟೊಗಳನ್ನು ಕಂಪನಿಯ ಇಮೇಲಿಗೆ ಆಗಲೇ ಕಳಿಸಿ. ಇಮೇಲಿನ ಸಮಯವೇ ಸಾಕ್ಷಿ. ಕತ್ತಲಲ್ಲಿ, ಮಳೆಯಲ್ಲಿ ಒದ್ದೆ ಕಾರಿನ ಮೇಲೆ ಗೀರು ಕಾಣುವುದಿಲ್ಲ. ಬೆಳಕಿರುವ ಕಡೆಗೆ ಕಾರನ್ನು ಸರಿಸಿ ನೋಡಿ.

ಕೊಡುವಾಗಲೂ ಅಷ್ಟೇ ಕೆಲಸ. ಕಚೇರಿ ತೆರೆದಿರುವ ಹೊತ್ತಿಗೆ ಹೋಗಿ, ತಪಾಸಣೆ ನಿಮ್ಮೆದುರೇ ಆಗಲಿ, ‘ಹೊಸ ಹಾನಿ ಇಲ್ಲ’ ಎಂದು ಬರೆದ ಹಾಳೆ ಪಡೆಯಿರಿ. ಕೀಲಿಯನ್ನು ಡಬ್ಬಿಗೆ ಹಾಕಿ ಹೋದರೆ ಸಿಬ್ಬಂದಿ ಬಂದು ನೋಡುವವರೆಗೆ ಕಾರಿಗೆ ಆದದ್ದೆಲ್ಲ ನಿಮ್ಮದೇ ಎಂದು ಬಹುತೇಕ ಕರಾರುಗಳು ಹೇಳುತ್ತವೆ. ಕ್ಯಾಮೆರಾ ಕಮಾನಿನಡಿ ಕಾರು ಹಾಯಿಸಿ ಗೀರು ಹುಡುಕುವ ಪದ್ಧತಿಯೂ ಬಂದಿದೆ. ಹರ್ಟ್ಸ್ ಕಂಪನಿ ಅಮೆರಿಕದಲ್ಲಿ 2025ರಲ್ಲಿ ಯುವಿಐ ಸಂಸ್ಥೆಯ ಇಂಥ ಯಂತ್ರಗಳನ್ನು ಹಾಕತೊಡಗಿತು. ಯಂತ್ರಕ್ಕೆ ಕಣ್ಣಿಗೆ ಬೀಳದ ಗೀರೂ ಕಾಣುತ್ತದೆ. ಅಂಥ ಕಡೆ ಹೊರಡುವಾಗಿನ ಸ್ಕ್ಯಾನಿನ ಪ್ರತಿಯನ್ನೂ ಕೇಳಿ ಪಡೆಯಿರಿ.

ಅಪಘಾತವಾದರೆ ಮೊದಲು ಜನರನ್ನು ನೋಡಿ, ಆಮೇಲೆ ಕರಾರಿನಲ್ಲಿರುವ ಸಂಖ್ಯೆಗೆ ಕರೆ ಮಾಡಿ. ಎಷ್ಟು ಗಂಟೆಯೊಳಗೆ ತಿಳಿಸಬೇಕು ಎಂಬ ಗಡುವು ಅಲ್ಲೇ ಇದೆ. ಇನ್ನೊಂದು ಗಾಡಿ ಸೇರಿದ್ದರೆ, ಯಾರಿಗಾದರೂ ಗಾಯವಾಗಿದ್ದರೆ, ಕಳುವಾಗಿದ್ದರೆ ಪೊಲೀಸ್ ವರದಿ ಬೇಕೇ ಬೇಕು. ಅದಿಲ್ಲದೆ ಮನ್ನಾವನ್ನೇ ನಿರಾಕರಿಸಬಹುದು. ಯುರೋಪಿನಲ್ಲಿ ಎರಡೂ ಕಡೆಯವರು ತುಂಬಿ ಸಹಿ ಮಾಡುವ ಅಪಘಾತ ನಮೂನೆ ಕಾರಿನಲ್ಲೇ ಇರುತ್ತದೆ. ಅರ್ಥವಾಗದ ಭಾಷೆಯ ಹೇಳಿಕೆಗೆ ಸಹಿ ಮಾಡಬೇಡಿ. ಗೀರನ್ನು ಮುಚ್ಚಿಹಾಕಲು ಬೀದಿಯ ಗ್ಯಾರೇಜಿನಲ್ಲಿ ಬಣ್ಣ ಬಳಿಸುವುದು ಕೆಟ್ಟ ಯೋಚನೆ. ಬಣ್ಣ ಹೊಂದದೆ ಇಡೀ ಬಾಗಿಲಿಗೆ ಮತ್ತೆ ಬಳಿಯುವ ಬಿಲ್ಲು ಬರುತ್ತದೆ. ಟೈರನ್ನೂ ಕಂಪನಿಯನ್ನು ಕೇಳದೆ ಬದಲಿಸಬೇಡಿ. ನಾಲ್ಕೂ ಚಕ್ರ ಚಾಲನೆಯ ಗಾಡಿಯಲ್ಲಿ ಟೈರುಗಳ ಸವೆತ ಸಮ ಇರಬೇಕಾದ್ದರಿಂದ ಒಂದು ಹರಿದರೆ ಎರಡನ್ನು ಬದಲಿಸುವುದುಂಟು.

ಬಿಲ್ಲು ಬಂದಾಗ

ಹಾನಿಯ ಬಿಲ್ಲಿನಲ್ಲಿ ದುರಸ್ತಿಯ ಹಣವೊಂದೇ ಇರುವುದಿಲ್ಲ. ಆಡಳಿತ ಶುಲ್ಕ, ಕಾರು ಗ್ಯಾರೇಜಿನಲ್ಲಿದ್ದ ದಿನಗಳ ಬಾಡಿಗೆ ನಷ್ಟ, ಟೋಯಿಂಗ್, ಮೌಲ್ಯ ಕುಸಿತ, ತೆರಿಗೆ ಇವೆಲ್ಲ ಸಾಲಾಗಿ ನಿಲ್ಲುತ್ತವೆ. ಇವುಗಳಲ್ಲಿ ಯಾವುದನ್ನು ನಿಮ್ಮ ಪಾಲಿಸಿ ಕೊಡುತ್ತದೆ ಎಂದು ಸಾಲುಸಾಲಾಗಿ ಹೋಲಿಸಿ. ಬಾಡಿಗೆ ನಷ್ಟಕ್ಕೆ, ಆ ದಿನಗಳಲ್ಲಿ ಬೇರೆ ಕಾರುಗಳೆಲ್ಲ ಹೊರಗಿದ್ದವು ಎಂಬ ದಾಖಲೆಯನ್ನು ಕಾರ್ಡ್ ಕಂಪನಿಗಳು ಕೇಳುವುದುಂಟು. ದುರಸ್ತಿ ನಿಜವಾಗಿ ಆಯಿತೇ, ಅಥವಾ ‘ಬಂಪರ್ ಗೀರಿಗೆ ಇಷ್ಟು’ ಎಂಬ ಸಿದ್ಧ ದರಪಟ್ಟಿಯಿಂದ ಹಾಕಿದ್ದೇ ಎಂದು ಕೇಳಿ. ದರಪಟ್ಟಿಯದ್ದಾದರೆ ಆ ಪಟ್ಟಿಯ ಪ್ರತಿಯನ್ನೇ ತರಿಸಿಕೊಳ್ಳಿ.

ಕ್ಲೇಮಿಗೆ ಕೂಡಿಸಬೇಕಾದದ್ದು: ಬಾಡಿಗೆ ಕರಾರು, ಹೊರಡುವಾಗಿನ ಮತ್ತು ಕೊಟ್ಟಾಗಿನ ತಪಾಸಣೆ ಹಾಳೆ, ಹಾನಿಯ ಫೋಟೊ, ಘಟನೆಯ ವರದಿ, ದುರಸ್ತಿಯ ಇನ್‌ವಾಯ್ಸ್ ಅಥವಾ ಅಂದಾಜು, ಹಣ ಕಡಿತವಾದ ಕಾರ್ಡ್ ಸ್ಟೇಟ್‌ಮೆಂಟ್, ಚಾಲನಾ ಪರವಾನಗಿ, ಪಾಲಿಸಿ ಪತ್ರ. ಇವುಗಳಲ್ಲಿ ತಡವಾಗುವುದು ಯಾವಾಗಲೂ ಇನ್‌ವಾಯ್ಸ್. ಅದು ಬೇಕೆಂದು ಕಾರು ಕೊಟ್ಟ ದಿನವೇ ಬರಹದಲ್ಲಿ ಕೇಳಿಡಿ. ಕಾರ್ಡ್ ಯಂತ್ರ ಯಾವ ಕರೆನ್ಸಿಯಲ್ಲಿ ಬೇಕೆಂದು ಕೇಳಿದರೆ ಬಾಡಿಗೆ ದೇಶದ್ದನ್ನೇ ಒತ್ತಿ; ಪರಿವರ್ತನೆಯ ಹೆಚ್ಚುವರಿ ಹಣವನ್ನು ವಿಮಾ ಸಂಸ್ಥೆ ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ.

ನಿಮ್ಮಿಂದ ಆಗದ ಹಾನಿಗೆ ದುಡ್ಡು ಕಡಿದರೆ ಸುಮ್ಮನಿರಬೇಡಿ. ಮೊದಲು ಕಂಪನಿಗೆ ವಿಡಿಯೊ ಸಮೇತ ಲಿಖಿತ ಆಕ್ಷೇಪ ಸಲ್ಲಿಸಿ. ಫೋನಿನಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲ. ಯುರೋಪಿಯನ್ ಆಯೋಗ ಮತ್ತು ಗ್ರಾಹಕ ಪ್ರಾಧಿಕಾರಗಳ ಒತ್ತಾಯಕ್ಕೆ ಏವಿಸ್, ಎಂಟರ್‌ಪ್ರೈಸ್, ಯುರೋಪ್‌ಕಾರ್, ಹರ್ಟ್ಸ್, ಸಿಕ್ಸ್ಟ್ ಕಂಪನಿಗಳು 2017ರ ಹೊತ್ತಿಗೆ ಹಾನಿಯ ವಿಷಯದಲ್ಲಿ ಗ್ರಾಹಕರಿಗೆ ಮೊದಲು ಪುರಾವೆ ತೋರಿಸಿ, ಪ್ರಶ್ನಿಸಲು ಅವಕಾಶ ಕೊಟ್ಟು, ಆಮೇಲೆ ಹಣ ಪಡೆಯುವಂತೆ ನಡೆ ತಿದ್ದಿಕೊಂಡವು. ಪತ್ರದಲ್ಲಿ ಅದನ್ನು ನೆನಪಿಸಿ. ಅದಕ್ಕೂ ಜಗ್ಗದಿದ್ದರೆ ಕಂಪನಿ ಸದಸ್ಯವಾಗಿರುವ ರಾಜಿ ಸೇವೆ, ಬ್ರಿಟನ್ನಿನಲ್ಲಿ ಬಾಡಿಗೆ ವಾಹನ ಕಂಪನಿಗಳ ಸಂಘವಾದ ಬಿವಿಆರ್‌ಎಲ್‌ಎಯದ್ದು ಇದ್ದಂತೆ. ಕೊನೆಗೆ ನಿಮ್ಮ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಕಡಿದ ಹಣವನ್ನು ಬ್ಯಾಂಕೇ ವಾಪಸ್ ತರಿಸುವ ಕ್ರಮ; ಅದಕ್ಕೆ ಸಾಮಾನ್ಯವಾಗಿ 120 ದಿನದ ಗಡುವಿದೆ. ಆದರೆ ಪಾಲಿಸಿಯ ಗಡುವು ಈ ಜಗಳ ಮುಗಿಯಲೆಂದು ಕಾಯುವುದಿಲ್ಲ. ಆಕ್ಷೇಪ ಕಳಿಸಿದ ದಿನವೇ ವಿಮಾ ಸಂಸ್ಥೆಯಲ್ಲೂ ಕ್ಲೇಮು ದಾಖಲಿಸಿ, ‘ಕಂಪನಿಯೊಡನೆ ವಿವಾದ ನಡೆದಿದೆ’ ಎಂದು ಅದರಲ್ಲೇ ಬರೆಯಿರಿ. ಕಂಪನಿ ಹಣ ಹಿಂದಿರುಗಿಸಿದರೆ ಕ್ಲೇಮನ್ನು ಹಿಂಪಡೆದರಾಯಿತು.